ಜುರಾಸಿಕ್ ಸಮುದ್ರ ಬಿಸಿಯಾದಾಗ ಯಾವ ಹವಳ ಉಳಿಯಿತು, ಯಾವುದು ಹೋಯಿತು

ಹವಳದ ದಿಬ್ಬಗಳು ಸಾಯುತ್ತಿವೆ ಅನ್ನೋ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ಮಾತು ಹೇಳೇ ಹೇಳುತ್ತಾರೆ: "ಹವಳ ಕೋಟ್ಯಂತರ ವರ್ಷದಿಂದ ಇದೆ ಕಣ್ರೀ. ಇದಕ್ಕಿಂತ ದೊಡ್ಡ ಬಿಸಿಯನ್ನೇ ನೋಡಿದೆ. ಏನೂ ಆಗಲ್ಲ ಬಿಡಿ." ಮೊದಲ ಎರಡು ಮಾತು ನಿಜ. ತಕರಾರು ಇರೋದು ಮೂರನೆಯದರ ಬಗ್ಗೆ.

ಹವಳ ಒಂದು ಪ್ರಾಣಿ. ಹವಳದ ದಿಬ್ಬ ಅಂದರೆ ಆ ಪ್ರಾಣಿಗಳು ತಲೆಮಾರುಗಟ್ಟಲೆ ಕಟ್ಟಿದ ಸುಣ್ಣದ ಗುಡ್ಡ. ಪ್ರಾಣಿ ಉಳಿದು ಗುಡ್ಡ ಹೋಗಬಹುದು. ಹಾಗೆ ಆಗಿದೆ ಕೂಡ. ಸುಮಾರು 20 ಕೋಟಿ ವರ್ಷದ ಹಿಂದೆ, ಜುರಾಸಿಕ್ ಯುಗದ ಹೊಸಿಲಲ್ಲಿ ಒಂದು ಸಲ, ಅದಾದ ಸುಮಾರು 1.8 ಕೋಟಿ ವರ್ಷಕ್ಕೆ ಇನ್ನೊಂದು ಸಲ. ಈ ಎರಡನೆಯದರ ಬಗ್ಗೆ ಹೊರಗಿನವರು ಮಾತಾಡೋದು ಕಡಿಮೆ. ಡೈನೋಸಾರ್‌ಗಳನ್ನು ಮುಗಿಸಿದ ಉಲ್ಕೆಯ ಮುಂದೆ ಇದು ಸಪ್ಪೆ ಅನ್ನಿಸುತ್ತದೇನೋ. ಆದರೆ ಇವತ್ತಿನ ಸಮುದ್ರಕ್ಕೆ ಹತ್ತಿರದ ಕಥೆ ಬೇಕು ಅಂದರೆ ಉಲ್ಕೆಗಿಂತ ಇದೇ ವಾಸಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಮಂಗಳ ಗ್ರಹಕ್ಕೆ ಅಂತ ಉಂಗುರದಲ್ಲಿ ಕೂರಿಸುತ್ತಾರಲ್ಲ, ಆ ಕೆಂಪು ಹವಳ ಬೇರೆ ಪಂಗಡದ್ದು. ಅದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತದೆ, ದಿಬ್ಬ ಕಟ್ಟುವುದಿಲ್ಲ. ನಾವು ಮಾತಾಡುತ್ತಿರುವುದು ಕಲ್ಲು ಹವಳಗಳ ಬಗ್ಗೆ. ಇವುಗಳ ಒಂದೊಂದು ಪ್ರಾಣಿಗೂ ಪಾಲಿಪ್ ಅಂತ ಹೆಸರು. ಮೆತ್ತನೆಯ ಚೀಲದಂಥ ಮೈ, ಮೇಲೊಂದು ಬಾಯಿ, ಬಾಯಿ ಸುತ್ತ ಎಳೆಗಳು. ಪಾಲಿಪ್ ತನ್ನ ಬುಡದಲ್ಲಿ ಸುಣ್ಣದ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಪ್ರಾಣಿ ಸತ್ತರೂ ಬಟ್ಟಲು ಉಳಿಯುತ್ತದೆ. ಪಳೆಯುಳಿಕೆಯಾಗಿ ನಮ್ಮ ಕೈಗೆ ಸಿಗುವುದು ಆ ಬಟ್ಟಲೇ.

ಕೆಲವು ಹವಳ ಒಂಟಿ. ಒಂದು ಪಾಲಿಪ್, ಒಂದು ಬಟ್ಟಲು, ಅಷ್ಟೇ. ಇನ್ನು ಕೆಲವು ಒಡೆದು ಒಡೆದು ಗುಂಪಾಗುತ್ತವೆ. ಗುಂಪಿನಲ್ಲೂ ಬಗೆಗಳಿವೆ. ಕೆಲವದರಲ್ಲಿ ಕೊಳವೆಗಳು ಒಂದಕ್ಕೊಂದು ಅಂಟದೆ ಪಕ್ಕಪಕ್ಕದಲ್ಲಿ ಎದ್ದು ನಿಂತಿರುತ್ತವೆ. ಕೆಲವದರಲ್ಲಿ ಗೋಡೆಗೆ ಗೋಡೆ ತಾಗಿ, ಮುರಿದು ನೋಡಿದರೆ ಜೇನುಹುಟ್ಟಿನ ಹಾಗೆ ಕಾಣುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಯಾರು ಸತ್ತರು, ಯಾರು ಉಳಿದರು ಅನ್ನೋದನ್ನು ಕಲ್ಲಿನಲ್ಲಿ ಓದುವಾಗ ಈ ಆಕಾರಗಳೇ ಅಕ್ಷರ.

ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ. ಹವಳ ತನ್ನ ಮೈಯ ಕಸವನ್ನು ಪಾಚಿಗೆ ಗೊಬ್ಬರವಾಗಿ ಕೊಡುತ್ತದೆ. ಈ ಸಹಾಯ ಇರುವುದರಿಂದಲೇ ಸುಣ್ಣ ಅಷ್ಟು ಬೇಗ ಬೆಳೆಯುವುದು. ಆದರೆ ಈ ಜೋಡಿ ಬಲು ನಾಜೂಕು. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ನೀರು ಒಂದೇ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ, ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಬಿಳಿಚಿಕೊಂಡ ಹವಳ ತಕ್ಷಣ ಸಾಯುವುದಿಲ್ಲ. ಪಾಚಿ ವಾಪಸ್ ಬರದಿದ್ದರೆ ಹಸಿವಿನಿಂದ ಸಾಯುತ್ತದೆ.

ಈ ಜೋಡಿ ಎಷ್ಟು ಹಳೆಯದು? ಮೆತ್ತನೆಯ ಪಾಚಿ ಪಳೆಯುಳಿಕೆಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಸುತ್ತು ದಾರಿ ಹಿಡಿಯಬೇಕಾಯಿತು. ಟರ್ಕಿಯ ಅಂಟಾಲ್ಯ ಪ್ರದೇಶದಲ್ಲಿ ಸುಮಾರು 21 ಕೋಟಿ ವರ್ಷ ಹಳೆಯ ಹವಳಗಳು ಅಪರೂಪಕ್ಕೆ ಚೆನ್ನಾಗಿ ಉಳಿದಿವೆ. ಸುಣ್ಣದೊಳಗೆ ಸಿಕ್ಕಿಕೊಂಡಿದ್ದ ಚೂರುಪಾರು ಜೈವಿಕ ಅಂಶದಲ್ಲಿ ಸಾರಜನಕದ ಎರಡು ಬಗೆಗಳು ಯಾವ ಪ್ರಮಾಣದಲ್ಲಿವೆ ಅಂತ ವಿಜ್ಞಾನಿಗಳು ಅಳೆದರು. ಪಾಚಿ ಇಟ್ಟುಕೊಂಡ ಹವಳದಲ್ಲಿ ಸಾರಜನಕ ಒಳಗೊಳಗೇ ಸುತ್ತುವುದರಿಂದ ಆ ಪ್ರಮಾಣ ಬೇರೆಯಾಗಿರುತ್ತದೆ. ಅಂಟಾಲ್ಯದ ಹವಳಗಳಲ್ಲಿ ಅದೇ ಗುರುತು ಸಿಕ್ಕಿತು. ಸುಣ್ಣದಲ್ಲಿನ ಬೆಳವಣಿಗೆಯ ಗೆರೆಗಳೂ ಇವತ್ತಿನ ಪಾಚಿ ಹವಳಗಳ ಹಾಗೇ ನಿಯಮಿತವಾಗಿದ್ದವು. ಈ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಂದರೆ ಜುರಾಸಿಕ್ ಶುರುವಾಗುವ ಮುಂಚೆಯೇ ಹವಳ ಪಾಚಿಯನ್ನು ನಂಬಿಕೊಂಡಿತ್ತು. ಬಿಸಿಗೆ ಹೆದರಬೇಕಾದ ಪರಿಸ್ಥಿತಿಯೂ ಆಗಲೇ ಬಂದಿತ್ತು.

ಮೊದಲ ಹೊಡೆತ

25.2 ಕೋಟಿ ವರ್ಷದ ಹಿಂದೆ, ಭೂಮಿ ಕಂಡ ಅತಿ ದೊಡ್ಡ ಸಾಮೂಹಿಕ ಅಳಿವಿನಲ್ಲಿ, ಹಳೆಯ ಕಾಲದ ಹವಳ ಪಂಗಡಗಳೆಲ್ಲ ನಿರ್ನಾಮವಾದವು. ಇವತ್ತಿನ ಕಲ್ಲು ಹವಳಗಳ ಪಳೆಯುಳಿಕೆ ಸಿಗುವುದು ಅದಾದ ಸುಮಾರು ಒಂದು ಕೋಟಿ ವರ್ಷದ ಮೇಲೆ, ಟ್ರಯಾಸಿಕ್ ಯುಗದ ನಡುವೆ. ಅಲ್ಲಿಂದ ಮುಂದೆ ಅವು ಜೋರಾಗಿ ಬೆಳೆದವು. ಆಸ್ಟ್ರಿಯಾದ ಡಾಖ್‌ಸ್ಟೈನ್ ಪರ್ವತದ ಸುಣ್ಣದಕಲ್ಲು ಆ ಸಮುದ್ರದ ಕೂಸು. ಆಗಿನ ದಿಬ್ಬಗಳು ಈಗ ಆಲ್ಪ್ಸ್‌ನಲ್ಲಿ ಬೆಟ್ಟಗಳಾಗಿ ನಿಂತಿವೆ.

20.1 ಕೋಟಿ ವರ್ಷದ ಹಿಂದೆ, ಎಲ್ಲ ಖಂಡಗಳೂ ಒಟ್ಟಿಗೆ ಸೇರಿದ್ದ ಪಾಂಜಿಯಾ ಮಹಾಖಂಡ ಒಡೆಯತೊಡಗಿತು. ಮುಂದೆ ಅಟ್ಲಾಂಟಿಕ್ ಸಾಗರ ಆಗುವ ಜಾಗದಲ್ಲಿ ಭಾರೀ ಲಾವಾ ಹರಿಯಿತು. ಟ್ರಯಾಸಿಕ್ ಮುಗಿದದ್ದು ಹೀಗೆ. ಹವಳದ ದಿಬ್ಬಗಳು ಕುಸಿದವು. ಜುರಾಸಿಕ್‌ನ ಮೊದಲ ಪುಟಗಳಲ್ಲಿ ದಿಬ್ಬಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪೂರ್ತಿ ಇಲ್ಲ ಅಂತ ಬಹುಕಾಲ ಬರೆಯುತ್ತಿದ್ದರು ಕೂಡ. ಆದರೆ ದಕ್ಷಿಣ ಫ್ರಾನ್ಸಿನ ಆರ್ದೆಶ್‌ನಲ್ಲಿ ಜುರಾಸಿಕ್‌ನ ತೀರಾ ಶುರುವಿನ ಹವಳ ದಿಬ್ಬವೊಂದು ಇರುವುದು ಗೊತ್ತಾಯಿತು. ಅಲ್ಲೊಂದು ಇಲ್ಲೊಂದು ಕಡೆ ಹವಳಗಳು ಹೇಗೋ ಉಸಿರು ಹಿಡಿದಿದ್ದವು. ಸ್ವಲ್ಪ ಮುಂದಕ್ಕೆ ಬಂದರೆ ಕೆನಡಾದ ಪಶ್ಚಿಮದ ಬ್ರಿಟಿಷ್ ಕೊಲಂಬಿಯಾದಲ್ಲೂ ಒಂದು ಸಿಗುತ್ತದೆ. ನಿಧಾನಕ್ಕೆ ಚೇತರಿಕೆ ಶುರುವಾಗಿತ್ತು.

ಈ ಹೊತ್ತಿನಲ್ಲಿ ಖಾಲಿ ಬಿದ್ದ ಜಾಗಕ್ಕೆ ವಿಚಿತ್ರ ಕಟ್ಟಾಳುಗಳು ಬಂದವು. ನಮ್ಮ ಕರಾವಳಿಯ ಮರುವಾಯಿಯ ದೂರದ ನೆಂಟರು. ಲಿಥಿಯೋಟಿಸ್ ಮತ್ತು ಅದರ ಬಳಗ. ಉದ್ದನೆಯ, ಕಿರಿದಾದ, ದಪ್ಪ ಚಿಪ್ಪು. ಕೆಲವು ಒಂದು ಅಡಿಗಿಂತ ಉದ್ದ. ಕೆಸರಿನಲ್ಲಿ ನೆಟ್ಟಗೆ ನಿಂತು, ಒತ್ತೊತ್ತಾಗಿ ಬೆಳೆದು, ಅವೇ ದಿಬ್ಬ ಮಾಡಿದವು. ಇಟಲಿಯ ಉತ್ತರ ಭಾಗ, ಮೊರಾಕೊ, ಟಿಬೆಟಿನ ಹಿಮಾಲಯದ ಸುಣ್ಣದಕಲ್ಲು, ಹೀಗೆ ಟೆಥಿಸ್ ಅನ್ನೋ, ಈಗ ಇಲ್ಲದ ಹಳೆಯ ಸಮುದ್ರದ ದಡದುದ್ದಕ್ಕೂ ಇವು ಸಿಗುತ್ತವೆ. ಹವಳಗಳು ಇವುಗಳ ಆಸುಪಾಸಿನಲ್ಲೇ ಮತ್ತೆ ಕಾಲೂರುತ್ತಿದ್ದವು.

18.3 ಕೋಟಿ ವರ್ಷದ ಹಿಂದೆ

ಆಗ ಎರಡನೇ ಹೊಡೆತ ಬಿತ್ತು. ಈ ಸಲ ಲಾವಾ ಹರಿದದ್ದು ಈಗಿನ ದಕ್ಷಿಣ ಆಫ್ರಿಕಾ ಮತ್ತು ಅಂಟಾರ್ಕ್ಟಿಕಾದಲ್ಲಿ. ಆಗ ಅವೆರಡೂ ಅಂಟಿಕೊಂಡಿದ್ದವು. ಲೆಸೊಥೊ ದೇಶದಲ್ಲಿ ಡ್ರಾಕೆನ್ಸ್‌ಬರ್ಗ್ ಬೆಟ್ಟಗಳ ನೆತ್ತಿಯ ಮೇಲೆ ಆ ಲಾವಾ ಒಂದು ಕಿಲೋಮೀಟರ್‌ಗಿಂತ ದಪ್ಪವಾಗಿ ಇವತ್ತಿಗೂ ಕೂತಿದೆ. ಹೇಗಿರುತ್ತದೆ ಅಂತ ನೋಡಬೇಕಾದರೆ ಅಲ್ಲಿವರೆಗೆ ಹೋಗಬೇಕಿಲ್ಲ. ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲು ಅದೇ ಜಾತಿಯದು. ನಮ್ಮ ದಖ್ಖನ್ ಲಾವಾ ಹರಿದದ್ದು ಮಾತ್ರ ತುಂಬಾ ಆಮೇಲೆ, ಸುಮಾರು 6.6 ಕೋಟಿ ವರ್ಷದ ಹಿಂದೆ.

ಲಾವಾ ಹರಿದಲ್ಲೇ ಜೀವಿಗಳನ್ನು ಸುಟ್ಟಿತು ಅಂದುಕೊಳ್ಳಬೇಡಿ. ಕೆಟ್ಟದ್ದು ಮಾಡಿದ್ದು ಗಾಳಿ. ಜ್ವಾಲಾಮುಖಿಯೇ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಅದರ ಜೊತೆಗೆ ಆಫ್ರಿಕಾದ ಕಾರೂ ಪ್ರದೇಶದಲ್ಲಿ ಕರಗಿದ ಕಲ್ಲು ನೆಲದಡಿಯಲ್ಲೇ ಕಲ್ಲಿದ್ದಲು ಮತ್ತು ಇಂಗಾಲ ತುಂಬಿದ ಪದರಗಳ ನಡುವೆ ನುಗ್ಗಿತು. ಅವು ಬೆಂದು, ಅನಿಲ ಮೇಲಕ್ಕೆ ಸಿಡಿದು ಬಂತು. ಹಾಗೆ ಸಿಡಿದ ಕೊಳವೆಗಳ ಗುರುತು ಕಾರೂ ನೆಲದಲ್ಲಿ ಸಾಕಷ್ಟಿವೆ. ಇಂಗಾಲದಲ್ಲಿ ಹಗುರ, ಭಾರ ಅಂತ ಬಗೆಗಳಿವೆ. ಆ ಕಾಲದ ಕಲ್ಲುಗಳಲ್ಲಿ ಇವುಗಳ ಪ್ರಮಾಣ ಇದ್ದಕ್ಕಿದ್ದಂತೆ ಏರುಪೇರಾಗಿರುವುದು ಜಗತ್ತಿನ ಅನೇಕ ಕಡೆ ಕಾಣುತ್ತದೆ. ಹಗುರ ಇಂಗಾಲ ಒಮ್ಮೆಗೇ ಗಾಳಿ, ನೀರಿಗೆ ಸೇರಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಮುಂದೆ ಆದದ್ದು ಒಂದಕ್ಕೊಂದು ಹೊಂದಿಕೊಂಡ ಸರಪಳಿ. ಯುರೋಪಿನ ಸಮುದ್ರಗಳಲ್ಲಿ ನೀರು ಸುಮಾರು 7 ಡಿಗ್ರಿಯಷ್ಟು ಬಿಸಿಯಾಯಿತು ಅಂತ ಚಿಪ್ಪುಗಳ ಆಮ್ಲಜನಕದ ಅಳತೆ ಹೇಳುತ್ತದೆ. ಬಿಸಿ ಜಾಸ್ತಿಯಾದರೆ ಮಳೆ ಜಾಸ್ತಿ. ಮಳೆ ಜಾಸ್ತಿಯಾದರೆ ನೆಲದ ಮಣ್ಣು, ಪೋಷಕಾಂಶ ಎಲ್ಲ ಸಮುದ್ರಕ್ಕೆ. ಅದನ್ನು ತಿಂದು ತೇಲುವ ಸಣ್ಣ ಜೀವಿಗಳು ಬೇಕಾಬಿಟ್ಟಿ ಬೆಳೆದವು, ಸತ್ತವು, ಕೊಳೆತವು. ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿದವು. ಬಿಸಿನೀರಿನಲ್ಲಿ ಮೊದಲೇ ಆಮ್ಲಜನಕ ಕಮ್ಮಿ. ತಳದ ನೀರು ಉಸಿರುಗಟ್ಟಿತು. ಕೊಳೆಯದೆ ಉಳಿದ ಜೈವಿಕ ಕೆಸರು ಕಪ್ಪು ಪದರಗಲ್ಲಾಯಿತು. ಇಂಗ್ಲೆಂಡಿನ ವಿಟ್‌ಬಿ ಊರಿನ ಕಡಲ ಬಂಡೆಗಳಲ್ಲಿ, ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಆ ಕಪ್ಪು ಕಲ್ಲನ್ನು ನೋಡಬಹುದು. ಹೋಲ್ಟ್ಸ್‌ಮಾಡೆನ್‌ನ ಇಕ್ತಿಯೊಸಾರ್‌ಗಳ (ಮೀನಿನ ಆಕಾರದ ಸಮುದ್ರ ಸರೀಸೃಪಗಳು) ಚರ್ಮದ ಅಂಚು ಕೂಡ ಉಳಿದಿರುವುದು ಇದೇ ಕಾರಣಕ್ಕೆ. ತಳದಲ್ಲಿ ಹೆಣ ತಿನ್ನುವವರೇ ಬದುಕಿರಲಿಲ್ಲ.

ಈ ಘಟನೆಗೆ ಟೊವಾರ್ಸಿಯನ್ ಆಮ್ಲಜನಕರಹಿತ ಘಟನೆ ಅಂತ ಹೆಸರು. ಟೊವಾರ್ಸಿಯನ್ ಅನ್ನೋದು ಜುರಾಸಿಕ್ ಯುಗದ ಒಂದು ಭಾಗ. 1980ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಹ್ಯೂ ಜೆಂಕಿನ್ಸ್ ಇದನ್ನು ಒಂದೇ ದೊಡ್ಡ ಘಟನೆ ಅಂತ ಗುರುತಿಸಿ ವಿವರಿಸಿದರು. ಕೆಲವು ಲಕ್ಷ ವರ್ಷ ನಡೆಯಿತು. ಇದಕ್ಕಿಂತ ಸ್ವಲ್ಪ ಮುಂಚೆ, ಪ್ಲೀನ್ಸ್‌ಬಾಕಿಯನ್ ಕಾಲ ಮುಗಿದು ಟೊವಾರ್ಸಿಯನ್ ಶುರುವಾಗುವ ಗಡಿಯಲ್ಲಿ, ಇನ್ನೊಂದು ಚಿಕ್ಕ ಹೊಡೆತ ಬಿದ್ದಿತ್ತು. ಹವಳಗಳಿಗೆ ಸುಧಾರಿಸಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ ಅನ್ನಬಹುದು. ಆ ಚಿಕ್ಕ ಪೆಟ್ಟು ತಿಂದು ಏಳುವಷ್ಟರಲ್ಲಿ ಈ ದೊಡ್ಡದು.

ಹವಳವನ್ನು ಕೊಂದದ್ದು ಯಾವುದು?

ಇಲ್ಲೇ ನಿಜವಾದ ಜಗಳ ಇರುವುದು. ಆಮ್ಲಜನಕ ಇಲ್ಲದ್ದು ಅಂತ ಹೆಸರಲ್ಲೇ ಇದೆ, ಆದರೆ ದಿಬ್ಬದ ಹವಳ ಬದುಕುವುದು ಅಲೆ ಬಡಿಯುವ ಕಡಿಮೆ ಆಳದ ನೀರಿನಲ್ಲಿ. ಅಲ್ಲಿ ಆಮ್ಲಜನಕಕ್ಕೆ ಅಷ್ಟು ಬರ ಇರಲಿಲ್ಲ. ಕಪ್ಪು ಕಲ್ಲು ಸಿಗುವುದು ಆಳದ, ನೀರು ಕದಲದ ತಗ್ಗುಗಳಲ್ಲಿ. ಹಾಗಾದರೆ ದಡದ ಹವಳಕ್ಕೆ ಏನಾಯಿತು?

ಮೊರಾಕೊದ ಹೈ ಅಟ್ಲಾಸ್ ಬೆಟ್ಟಗಳಲ್ಲಿ ಉತ್ತರ ಹುಡುಕಲು ಒಳ್ಳೆ ಜಾಗ ಸಿಗುತ್ತದೆ. ಆಗ ಅದು ಟೆಥಿಸ್‌ನ ಬೆಚ್ಚಗಿನ ದಡ. ಅಲ್ಲಿನ ಕಲ್ಲಿನ ಪದರಗಳಲ್ಲಿ ಕೆಳಗೆ ದಪ್ಪನೆಯ, ತಿಳಿ ಬಣ್ಣದ ಸುಣ್ಣದಕಲ್ಲು. ಹವಳ, ಲಿಥಿಯೋಟಿಸ್ ಎಲ್ಲ ಅದರಲ್ಲಿ. ಪ್ಲೀನ್ಸ್‌ಬಾಕಿಯನ್-ಟೊವಾರ್ಸಿಯನ್ ಗಡಿ ದಾಟಿದ ಕೂಡಲೇ ಸುಣ್ಣದಕಲ್ಲು ನಿಂತುಹೋಗುತ್ತದೆ. ಮೇಲೆ ಮೆತ್ತನೆಯ, ಜೇಡಿ ಬೆರೆತ ಪದರಗಳು. ಸುಣ್ಣ ಕಟ್ಟುವವರು ಕೆಲಸ ಬಿಟ್ಟು ಹೋದರು, ಹೊಳೆಯ ಕೆಸರು ಬಂದು ಕೂತಿತು. ಕೆಸರು ಎರಡು ರೀತಿ ಕೊಲ್ಲುತ್ತದೆ. ಬಿಸಿಲನ್ನು ತಡೆದು ಪಾಚಿಯನ್ನು ಉಪವಾಸ ಕೆಡವುತ್ತದೆ, ಹವಳದ ಬಾಯಿಯನ್ನೂ ಮುಚ್ಚುತ್ತದೆ.

ಬಿಸಿಯಂತೂ ಇದ್ದೇ ಇತ್ತು. ಮೂರನೆಯದು ಆಮ್ಲತೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದರೆ ಸಮುದ್ರದ ಕ್ಷಾರ ಗುಣ ಕಮ್ಮಿಯಾಗುತ್ತದೆ. ಸುಣ್ಣ ಕಟ್ಟಲು ಬೇಕಾದ ಕಾರ್ಬೊನೇಟ್ ಕೈಗೆ ಸಿಗುವುದಿಲ್ಲ. ಹವಳ ಕಟ್ಟುವುದು ಅರಗೋನೈಟ್ ಅನ್ನೋ ಸುಣ್ಣ, ಅದು ಬೇಗ ಕರಗುವ ಜಾತಿ. ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಪಾಲು ಅನ್ನೋದು ಊರಿಂದ ಊರಿಗೆ ಬದಲಾಗುತ್ತದೆ. ನನ್ನನ್ನು ಕೇಳಿದರೆ, ಒಬ್ಬನೇ ಕೊಲೆಗಾರ ಬೇಕು ಅಂತ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಬಿಸಿ, ಕೆಸರು, ಆಮ್ಲ ಮೂರೂ ಹುಟ್ಟಿದ್ದು ಒಂದೇ ಹೊಗೆಯಿಂದ.

ಯಾರು ಉಳಿದರು ಅನ್ನೋದು ಮಾತ್ರ ಸಾಕಷ್ಟು ಸ್ಪಷ್ಟ. ದೊಡ್ಡ ಗುಂಪುಗಳನ್ನು ಕಟ್ಟಿಕೊಂಡು ಕಡಿಮೆ ಆಳದ ತಿಳಿನೀರಿನಲ್ಲಿದ್ದ ಹವಳಗಳಿಗೆ ಭಾರೀ ಪೆಟ್ಟು ಬಿತ್ತು. ಟ್ರಯಾಸಿಕ್ ಕಾಲದಿಂದ ಹೇಗೋ ಉಳಿದು ಬಂದಿದ್ದ ಹಳೆ ಮನೆತನಗಳು ಕೆಲವು ಇಲ್ಲೇ ಮುಗಿದವು. ಲಿಥಿಯೋಟಿಸ್ ಬಳಗವೂ ಮುಗಿಯಿತು. ಸಣ್ಣ, ಒಂಟಿ ಹವಳಗಳು ಹೆಚ್ಚಾಗಿ ಬಚಾವಾದವು. ಅವಕ್ಕೆ ಗಟ್ಟಿ ತಳ ಬೇಕಿಲ್ಲ, ಕೆಸರಿನ ಮೇಲೂ ಕೂರಬಲ್ಲವು. ಬಿಸಿಲಿನ ಮೇಲೆ ಪೂರ್ತಿ ಅವಲಂಬನೆ ಇಲ್ಲ, ಸಿಕ್ಕಿದ್ದನ್ನು ಹಿಡಿದು ತಿನ್ನುತ್ತವೆ. ಹಾಗಾಗಿ ಸ್ವಲ್ಪ ಆಳದ, ತಂಪಿನ ನೀರಿನಲ್ಲೂ ಬದುಕಬಹುದು. ಆಳ ಅಂದರೆ ಯಾವಾಗಲೂ ಸುರಕ್ಷಿತ ಅಂತಲೂ ಅಲ್ಲ. ವಿಟ್‌ಬಿಯಂಥ ಕಪ್ಪು ತಗ್ಗಿಗೆ ಬಿದ್ದವರಿಗೆ ಅಲ್ಲೂ ಉಸಿರಿಲ್ಲ. ನಡುವಿನ ಜಾಗ ಸಿಕ್ಕವರು ಗೆದ್ದರು. ಡೈನೋಸಾರ್‌ಗಳನ್ನು ಮುಗಿಸಿದ 6.6 ಕೋಟಿ ವರ್ಷದ ಹಿಂದಿನ ಅಳಿವಿನಲ್ಲೂ ಇಂಥದೇ ಲೆಕ್ಕ. ಪಾಚಿ ನಂಬಿದ ಗುಂಪು ಹವಳಗಳಿಗೆ ಏಟು ಜಾಸ್ತಿ, ಪಾಚಿ ಇಲ್ಲದವಕ್ಕೆ ಕಡಿಮೆ.

ಇನ್ನೊಂದು ದಾರಿಯೂ ಇದ್ದಿರಬಹುದು, ಇದು ನನಗೆ ಬಹಳ ಇಷ್ಟವಾದ ಪ್ರಯೋಗ. 2007ರಲ್ಲಿ ಇಸ್ರೇಲಿನ ಮೌಜ್ ಫೈನ್ ಮತ್ತು ಡಾನ್ ಚೆರ್ನೊವ್ ಇದನ್ನು ಪ್ರಕಟಿಸಿದರು. ಮೆಡಿಟರೇನಿಯನ್‌ನ ಎರಡು ಜಾತಿಯ ಹವಳಗಳನ್ನು ಆಮ್ಲತೆ ಹೆಚ್ಚಿಸಿದ ನೀರಿನಲ್ಲಿ ಒಂದು ವರ್ಷ ಇಟ್ಟರು. ಸುಣ್ಣ ಪೂರ್ತಿ ಕರಗಿಹೋಯಿತು. ಹವಳ ಸಾಯಬೇಕಿತ್ತು ಅಲ್ವಾ? ಸಾಯಲಿಲ್ಲ. ಗುಂಪು ಒಡೆದು ಪಾಲಿಪ್‌ಗಳು ಬಿಡಿಬಿಡಿಯಾದವು, ಬೆತ್ತಲೆ ಮೈಯಲ್ಲೇ ಕಲ್ಲಿಗೆ ಅಂಟಿಕೊಂಡವು, ಮೊದಲಿಗಿಂತ ದಪ್ಪಗೂ ಆದವು. ಮಾಮೂಲಿ ನೀರಿಗೆ ವಾಪಸ್ ಹಾಕಿದಾಗ ಮತ್ತೆ ಸುಣ್ಣ ಕಟ್ಟಿ ಗುಂಪಾದವು. ಪಳೆಯುಳಿಕೆಯಲ್ಲಿ ಕೆಲವು ಹವಳ ಕುಲಗಳು ಮಾಯವಾಗಿ, ಬಹುಕಾಲದ ಮೇಲೆ ಪುನಃ ಕಾಣಿಸಿಕೊಳ್ಳುತ್ತವೆ. ಸುಣ್ಣವೇ ಇಲ್ಲದೆ ಬದುಕಿದ್ದರೆ ಕಲ್ಲಿನಲ್ಲಿ ಗುರುತು ಎಲ್ಲಿಂದ ಬರಬೇಕು? ಅಮೆರಿಕದ ಜಾರ್ಜ್ ಸ್ಟ್ಯಾನ್ಲಿ ಬೆತ್ತಲೆ ಹವಳದ ಈ ವಾದವನ್ನು ಮೊದಲಿನಿಂದಲೂ ಹೇಳುತ್ತಾ ಬಂದವರು. ಆದರೆ ಪ್ರಯೋಗದ ತೊಟ್ಟಿಯಲ್ಲಿ ಕಚ್ಚಿ ತಿನ್ನುವ ಮೀನುಗಳಿರಲಿಲ್ಲ. ಬಿಸಿಯನ್ನೂ ಏರಿಸಿರಲಿಲ್ಲ. ಎಲ್ಲ ಜಾತಿಗೂ ಈ ಉಪಾಯ ಬರುತ್ತದೆ ಅನ್ನಲು ಆಗುವುದಿಲ್ಲ.

ವಾಪಸ್ ಬರಲು ಹಿಡಿದ ಕಾಲ

ಒಂಟಿ ಹವಳ ಉಳಿದರೆ ದಿಬ್ಬ ನಾಳೆ ಎದ್ದುಬಿಡುವುದಿಲ್ಲ. ಟೊವಾರ್ಸಿಯನ್ ಮುಗಿಯುವವರೆಗೂ ಹೇಳಿಕೊಳ್ಳುವಂಥ ದಿಬ್ಬಗಳು ಕಡಿಮೆ. ಫ್ರಾನ್ಸ್, ಲಕ್ಸೆಂಬರ್ಗ್ ಕಡೆ ಮತ್ತೆ ಒಳ್ಳೆಯ ಹವಳ ದಿಬ್ಬಗಳು ಕಾಣುವುದು ಸುಮಾರು 17 ಕೋಟಿ ವರ್ಷದ ಹಿಂದೆ. ಅಂದರೆ ಹೊಡೆತ ಬಿದ್ದು ಒಂದು ಕೋಟಿಗೂ ಹೆಚ್ಚು ವರ್ಷದ ಮೇಲೆ. 16 ಕೋಟಿ ವರ್ಷದ ಹಿಂದಕ್ಕೆ ಬರುವ ಹೊತ್ತಿಗೆ ಯುರೋಪಿನ ಸಮುದ್ರಗಳಲ್ಲಿ ಅವುಗಳದೇ ದರ್ಬಾರು. ಜುರಾಸಿಕ್ ಅನ್ನೋ ಹೆಸರು ಕೊಟ್ಟ ಜುರಾ ಬೆಟ್ಟಗಳಲ್ಲೇ ಆ ಕಾಲದ ಹವಳಗಳಿವೆ. ಹೊಸ ದಿಬ್ಬಗಳನ್ನು ಕಟ್ಟಿದವರು ಬಹುಪಾಲು ಹೊಸ ಕುಲದವರು. ಹಳಬರು ವಾಪಸ್ ಬರಲಿಲ್ಲ.

ಭಾರತದಲ್ಲೂ ಆ ಚೇತರಿಕೆಯ ಕಾಲದ ಹವಳಗಳಿವೆ, ಕರ್ನಾಟಕದಲ್ಲಲ್ಲ. ಉತ್ತರದ ದಖ್ಖನ್ ಲಾವಾ ಬಿಟ್ಟರೆ ನಮ್ಮ ನೆಲ ಬಹುಪಾಲು ಅದಕ್ಕಿಂತ ಎಷ್ಟೋ ಹಳೆಯದು, ಜುರಾಸಿಕ್ ಸಮುದ್ರ ಇಲ್ಲಿಗೆ ಬರಲೇ ಇಲ್ಲ. ನೋಡಬೇಕಾದ್ದು ಗುಜರಾತಿನ ಕಚ್. ರಣ್ ನಡುವಿನ ಪಚ್ಛಮ್ ದ್ವೀಪದ ಕಲ್ಲುಗಳಲ್ಲಿ ಹವಳದ ಪದರಗಳಿವೆ. ಭೂವಿಜ್ಞಾನಿ ಜೆ. ಡಬ್ಲ್ಯೂ. ಗ್ರೆಗರಿ 1900ರಲ್ಲೇ ಕಚ್‌ನ ಹವಳಗಳನ್ನು ವಿವರವಾಗಿ ಬರೆದಿಟ್ಟರು. ದೊಡ್ಡ ಗುಡ್ಡಗಳಲ್ಲ, ತೆಳುವಾದ ಹಾಸುಗಳು. ಕಚ್ ಆಗ ಭೂಮಧ್ಯರೇಖೆಗಿಂತ ಸಾಕಷ್ಟು ದಕ್ಷಿಣಕ್ಕಿತ್ತು.

ಈಗ ಮೊದಲಿನ ಮಾತಿಗೆ ಬರೋಣ. "ಇದಕ್ಕಿಂತ ದೊಡ್ಡ ಬಿಸಿ ನೋಡಿದೆ" ಅನ್ನುವವರು ವೇಗವನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಕಾರೂ ಲಾವಾ ಸಾವಿರಾರು, ಲಕ್ಷಾಂತರ ವರ್ಷ ಹೊಗೆ ಬಿಟ್ಟಿತು. ನಾವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹತ್ತು ಲಕ್ಷಕ್ಕೆ 280 ಭಾಗದಿಂದ 420 ದಾಟಿಸಿದ್ದು ಇನ್ನೂರು ಚಿಲ್ಲರೆ ವರ್ಷದಲ್ಲಿ. ಅದಕ್ಕಿಂತ ಮುಖ್ಯವಾಗಿ, ಕೋಟಿ ವರ್ಷ ಕಾಯುವ ಪುರುಸೊತ್ತು ಹವಳಕ್ಕಿರಬಹುದು, ದಿಬ್ಬದ ಮೇಲೆ ಮನೆ ಕಟ್ಟಿಕೊಂಡವರಿಗಿಲ್ಲ.

ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಸಾಮಾನು ಹೊತ್ತು ಹೋಗುವ ಲಕ್ಷದ್ವೀಪ ಪೂರ್ತಿ ನಿಂತಿರುವುದು ಹವಳದ ಮೇಲೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅಗತ್ತಿ, ಕಡಮತ್, ಕವರತ್ತಿಯ ದಿಬ್ಬಗಳನ್ನು 1998ರಿಂದ ನೋಡುತ್ತಾ ಬಂದಿದ್ದಾರೆ. 24 ವರ್ಷದಲ್ಲಿ ಅಲ್ಲಿ ಬದುಕಿರುವ ಹವಳದ ಹರವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಸಮುದ್ರ ಕಾದು ಹವಳ ಬಿಳಿಚಿದ್ದು 1998, 2010, 2016ರಲ್ಲಿ. ಅವರ ಅಳತೆಯ ಪ್ರಕಾರ ಹವಳ ಚುರುಕಾಗಿ ಚೇತರಿಸಿಕೊಳ್ಳಲು ಶುರು ಮಾಡುವುದು ಬಿಸಿಯಿಲ್ಲದ ಸುಮಾರು ಆರು ವರ್ಷ ಕಳೆದ ಮೇಲೆ. ಮೊದಲ ಎರಡು ಹೊಡೆತಗಳ ನಡುವೆ 12 ವರ್ಷ ಸಿಕ್ಕಿತ್ತು, ಆಮೇಲಿನ ಎರಡರ ನಡುವೆ 6. ಅದಾದ ಮೇಲೆ 2024ರಲ್ಲಿ ಮತ್ತೆ ಬಿಳಿಚಿದವು.